ಏರುವುದು ಕಾಲು, ಅಪ್ಪಣೆ ಕೊಡುವುದು ಕಿಡ್ನಿ

“ದಿನಾ ಹತ್ತು ಕಿಲೋಮೀಟರ್ ಓಡ್ತೀನಿ, ಕುಮಾರಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೀನಿ, ಲಡಾಖ್‌ನಲ್ಲಿ ನನಗೇನಾಗುತ್ತೆ?” ಈ ಧೈರ್ಯಕ್ಕೆ ಶರೀರಶಾಸ್ತ್ರದಲ್ಲಿ ಆಧಾರವಿಲ್ಲ. ಕುಮಾರಪರ್ವತದ ಎತ್ತರ 1,712 ಮೀಟರ್. ಅಲ್ಲಿ ಕಾಲು ಪಳಗುತ್ತದೆ, ಗುಂಡಿಗೆ ಗಟ್ಟಿಯಾಗುತ್ತದೆ. ಎತ್ತರಕ್ಕೆ ಮೈ ಹೊಂದಿಕೊಳ್ಳುವುದು ಬೇರೆಯೇ ಕೆಲಸ. ಕಸುವುಳ್ಳವರು ಬೇಗ ಬೇಗ ಮೇಲೇರಬಲ್ಲರು, ಅವರ ಅಪಾಯವಿರುವುದೂ ಅಲ್ಲೇ. ಬೆಂಗಳೂರಿನ 920 ಮೀಟರ್‌ನಿಂದ ವಿಮಾನದಲ್ಲಿ ಹೊರಟು ಲೇಹ್‌ನ 3,500 ಮೀಟರ್‌ನಲ್ಲಿ ಇಳಿದಾಗ ಏನೂ ಅನಿಸುವುದಿಲ್ಲ. ತಲೆನೋವು, ವಾಕರಿಕೆ ಶುರುವಾಗುವುದು 6ರಿಂದ 12 ಗಂಟೆ ಕಳೆದ ಮೇಲೆ. ಅಷ್ಟರೊಳಗೆ ಹುಮ್ಮಸ್ಸಿನವರು ಊರೆಲ್ಲ ಸುತ್ತಿ, ಸ್ತೂಪದ ಮೆಟ್ಟಿಲನ್ನೂ ಹತ್ತಿ ಬಂದಿರುತ್ತಾರೆ.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಇಳಿಯುತ್ತದೆ ಎಂಬ ಮಾತೂ ತಪ್ಪು. ಎವರೆಸ್ಟ್ ತುದಿಯಲ್ಲೂ ಅದು ಶೇಕಡಾ 21ರಷ್ಟೇ. ಇಳಿಯುವುದು ಒತ್ತಡ: ಸಮುದ್ರಮಟ್ಟದಲ್ಲಿ 760 ಮಿ.ಮೀ. ಪಾದರಸ, 5,500 ಮೀಟರ್‌ನಲ್ಲಿ ಅದರರ್ಧ. ಹಾಗಾಗಿ ಒಂದೊಂದು ಉಸಿರಿನಲ್ಲೂ ಸಿಗುವ ಆಮ್ಲಜನಕ ಕಡಿಮೆ.

ಇನ್ನು ಅಸಲು ಸ್ವಾರಸ್ಯ. ಕತ್ತಿನ ರಕ್ತನಾಳ ಕವಲೊಡೆಯುವ ಜಾಗದಲ್ಲಿ ಅಕ್ಕಿಕಾಳಿನಷ್ಟಿರುವ ಕ್ಯಾರಾಟಿಡ್ ಬಾಡಿ ಆಮ್ಲಜನಕ ಕಡಿಮೆಯಾದದ್ದನ್ನು ಕಂಡು “ಜೋರಾಗಿ ಉಸಿರಾಡು” ಎನ್ನುತ್ತದೆ. ಜೋರಾಗಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಅದನ್ನು ಕಂಡ ಮಿದುಳುಕಾಂಡ “ಸಾಕು, ನಿಧಾನ” ಎನ್ನುತ್ತದೆ. ಒಂದೇ ಬಸ್ಸಿನಲ್ಲಿ ಒಬ್ಬ ಆಕ್ಸಿಲರೇಟರ್ ಒತ್ತುತ್ತಿದ್ದಾನೆ, ಇನ್ನೊಬ್ಬ ಬ್ರೇಕ್ ಹಿಡಿದಿದ್ದಾನೆ. ರಾತ್ರಿ ನಿದ್ದೆಯಲ್ಲಿ ಈ ಜಗಳ ಕಿವಿಗೇ ಕೇಳುತ್ತದೆ: ಉಸಿರು ಹಲವು ಸೆಕೆಂಡು ನಿಂತುಬಿಡುತ್ತದೆ, ಮತ್ತೆ ಏದುಸಿರಿನೊಂದಿಗೆ ಶುರುವಾಗುತ್ತದೆ. ಪಕ್ಕದಲ್ಲಿ ಮಲಗಿದವರಿಗೆ ಗಾಬರಿ.

ಬ್ರೇಕ್ ಬಿಡಿಸುವುದು ಕಿಡ್ನಿ. ಇಡ್ಲಿ ಹಿಟ್ಟಿಗೆ ಸೋಡಾ ಜಾಸ್ತಿ ಬಿದ್ದರೆ ತೆಗೆಯಲು ಬರುವುದಿಲ್ಲ, ಕಿಡ್ನಿಗೆ ಬರುತ್ತದೆ. ಹೊರಹೋದ ಇಂಗಾಲದ ಡೈಆಕ್ಸೈಡ್‌ಗೆ ಹೋಲಿಸಿದರೆ ರಕ್ತದಲ್ಲಿ ಹೆಚ್ಚಾಗಿ ಉಳಿಯುವುದೂ ಅಡುಗೆ ಸೋಡಾದಲ್ಲಿರುವ ಬೈಕಾರ್ಬೊನೇಟೇ. ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಆದರೆ ತುಂಬಿದ ಕೆರೆಯನ್ನು ಸಣ್ಣ ತೂಬಿನಿಂದ ಖಾಲಿ ಮಾಡಿದ ಹಾಗೆ, ಎರಡರಿಂದ ನಾಲ್ಕು ದಿನ ಬೇಕು. ಓಟಗಾರನ ಕಿಡ್ನಿಗೂ ಅಷ್ಟೇ, ಅಂಗಡಿಯಲ್ಲಿ ಕೂತವರ ಕಿಡ್ನಿಗೂ ಅಷ್ಟೇ. ಹಾಗಾಗಿ ಎತ್ತರದಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಬೇಕಾದರೆ ಅದು ಶುಭಸೂಚನೆ. ಆಮ್ಲಜನಕ ಹೊರುವ ಕೆಂಪು ರಕ್ತಕಣಗಳು ಗಮನಾರ್ಹವಾಗಿ ಹೆಚ್ಚಲು ವಾರಗಳು ಬೇಕು. ಒಂದು ವಾರದ ಪ್ರವಾಸಕ್ಕೆ ಅದರ ಪ್ರಯೋಜನ ಸಿಗುವುದಿಲ್ಲ.

ಎತ್ತರದ ಕಾಯಿಲೆ ತಡೆಯಲು ಕೊಡುವ ಅಸಿಟಜೋಲಮೈಡ್ ಮಾತ್ರೆ ಮಾಡುವುದೂ ಇದೇ ಕೆಲಸ, ಅದು ತೂಬನ್ನು ಅಗಲ ಮಾಡುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ, ವೈದ್ಯರನ್ನು ಕೇಳಿಯೇ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಬೆರಳು ಜುಮ್ಮೆನ್ನುತ್ತದೆ, ಸೋಡಾ ಕುಡಿದರೆ ಸಪ್ಪೆ ಅನಿಸುತ್ತದೆ, ಹೆದರಬೇಕಿಲ್ಲ. ಮದ್ಯ ಮತ್ತು ನಿದ್ದೆಮಾತ್ರೆ ಉಸಿರನ್ನೇ ನಿಧಾನಿಸುತ್ತವೆ, ಮೊದಲ ದಿನಗಳಲ್ಲಿ ಬೇಡವೇ ಬೇಡ.

ಎತ್ತರದಲ್ಲಿ ಮೂಸಿದರೆ ಉಸಿರಾಟಕ್ಕೆ ನೆರವಾಗುತ್ತದೆಂದು ಹಲವರು ನಂಬುವ ಕರ್ಪೂರದ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಬಟ್ಟೆಯಲ್ಲಿ ಕಟ್ಟಿ ಮೂಸುತ್ತಿದ್ದರೆ ಮೂಗಿನ ನರಗಳಿಗೆ ತಂಪು ಗಾಳಿ ಹೊಕ್ಕಂತೆ ಅನಿಸುತ್ತದೆ, ರಕ್ತಕ್ಕೆ ಸೇರುವ ಆಮ್ಲಜನಕ ಮಾತ್ರ ಹೆಚ್ಚುವುದಿಲ್ಲ. “ಮೂಸಿದೆ, ಸರಿಹೋಯ್ತು” ಎಂದು ಮೇಲೇರುವವರಿಗಾಗಿ ಆತಂಕವಾಗುತ್ತದೆ. ನುಂಗಿದರಂತೂ ಕರ್ಪೂರ ವಿಷ.

ಎತ್ತರ ಮೊದಲು ಕದಿಯುವುದು ವಿವೇಚನೆಯನ್ನು. 1875ರ ಏಪ್ರಿಲ್ 15ರಂದು ಫ್ರಾನ್ಸ್‌ನ ಮೂವರು ‘ಝೆನಿತ್’ ಬಲೂನಿನಲ್ಲಿ 8,000 ಮೀಟರ್ ದಾಟಿದರು. ಆಮ್ಲಜನಕದ ಚೀಲಗಳು ಕೈಗೆಟಕುವಂತೆಯೇ ಇದ್ದವು. ಬದುಕುಳಿದ ಗ್ಯಾಸ್ಟನ್ ಟಿಸ್ಸಾಂಡಿಯೆ ಆಮೇಲೆ ಬರೆದದ್ದು ನಡುಕ ಹುಟ್ಟಿಸುತ್ತದೆ: ಸಂಕಟವೇ ಇರಲಿಲ್ಲ, ಒಳಗೊಂದು ಆನಂದವಿತ್ತು, ನಳಿಕೆ ಹಿಡಿಯೋಣವೆಂದರೆ ಕೈ ಏಳಲಿಲ್ಲ. ಜೊತೆಗಿದ್ದ ಕ್ರೋಸೆ-ಸ್ಪಿನೆಲ್ಲಿ, ಸಿವೆಲ್ ಇಬ್ಬರೂ ಹೆಣವಾಗಿದ್ದರು. ಎವರೆಸ್ಟ್ ಏರುವವರು ಹಿಂತಿರುಗುವ ಸಮಯವನ್ನು ಕೆಳಗಿನ ಶಿಬಿರದಲ್ಲೇ ಗೊತ್ತುಮಾಡುವುದು ಈ ಕಾರಣಕ್ಕೆ. ಮಧ್ಯಾಹ್ನ ಎರಡು ಗಂಟೆ ಎಂದರೆ ತುದಿ ನೂರು ಮೀಟರ್ ದೂರದಲ್ಲಿದ್ದರೂ ತಿರುಗಬೇಕು. 1996ರ ಮೇ 10ರಂದು ಹಲವರು ಆ ಹೊತ್ತು ಮೀರಿದ ಮೇಲೂ ಏರುತ್ತಿದ್ದರು. ಸಂಜೆ ಬಿರುಗಾಳಿ ಬಂತು, ಎಂಟು ಜನ ಸತ್ತರು.

ಲಡಾಖ್‌ಗೆ ಹೋಗುವವರು ಲೆಕ್ಕ ಹಾಕಬೇಕಾದದ್ದು ಮಲಗುವ ಜಾಗದ ಎತ್ತರವನ್ನು. 3,000 ಮೀಟರ್ ದಾಟಿದ ಮೇಲೆ ರಾತ್ರಿಯಿಂದ ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಎರಡು ರಾತ್ರಿ ಕಳೆಯಬೇಕು. ವಿಮಾನದಲ್ಲಿ ಬಂದವರು ಈ ನಿಯಮವನ್ನು ಆಗಲೇ ಮುರಿದಿರುತ್ತಾರೆ, ಆದ್ದರಿಂದ ಲೇಹ್‌ನಲ್ಲಿ ಎರಡು ಪೂರ್ತಿ ದಿನ ವಿಶ್ರಾಂತಿ. ಆಮೇಲೆ ಸುಮಾರು 5,360 ಮೀಟರ್‌ನ ಖರ್ದುಂಗ್ ಲಾ ಕಣಿವೆದಾರಿಯಲ್ಲಿ ಹೆಚ್ಚು ಹೊತ್ತು ನಿಲ್ಲದೆ ದಾಟಿ, 3,100 ಮೀಟರ್ ಆಸುಪಾಸಿನ ನುಬ್ರಾದಲ್ಲಿ ಮಲಗುವುದು ಒಳ್ಳೆಯದು. ಪ್ಯಾಂಗಾಂಗ್ ಸರೋವರದ ದಂಡೆ ಸುಮಾರು 4,250 ಮೀಟರ್. ಅಲ್ಲಿ ಮಲಗುವ ಆಸೆಯಿದ್ದರೆ ಹಿಂದಿನ ರಾತ್ರಿ 3,900ರ ಹತ್ತಿರವಿರುವ ತಾಂಗ್ಸೆಯಲ್ಲಿ ತಂಗಬಹುದು.

ತಲೆನೋವು ಇದ್ದಲ್ಲಿಂದ ಮೇಲೆ ಹೋಗಬಾರದು. ಕೂತಲ್ಲೇ ಏದುಸಿರು, ಬಿಡದ ಕೆಮ್ಮು ಕಂಡರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿರಬಹುದು. ಮಾತು ತೊದಲಿದರೆ, ವರ್ತನೆ ಬದಲಾದರೆ, ನೆಲದ ಮೇಲೊಂದು ಗೆರೆ ಎಳೆದು ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ ನಡೆಸಿ. ತೂರಾಡಿದರೆ ಮಿದುಳು ಊದಿಕೊಳ್ಳುತ್ತಿದೆ ಎಂದೇ ತಿಳಿಯಬೇಕು. ಎರಡೂ ಸಂದರ್ಭದಲ್ಲಿ ಬೆಳಗಾಗಲಿ ಎಂದು ಕಾಯದೆ 300ರಿಂದ 1,000 ಮೀಟರ್ ಕೆಳಗಿಳಿಸಬೇಕು, ಸಿಲಿಂಡರ್ ಇದ್ದರೆ ದಾರಿಯುದ್ದಕ್ಕೂ ಆಮ್ಲಜನಕ ಕೊಡುತ್ತಾ. “ನಾನು ಚೆನ್ನಾಗಿದ್ದೀನಿ” ಎಂದು ಅವರು ಎಷ್ಟೇ ಹೇಳಲಿ, ಒಬ್ಬರನ್ನೇ ಕಳಿಸಬೇಡಿ.