ಕ್ರಕಟೋವಾಕ್ಕೆ ಕಾಡು ಬಂದ ದಾರಿ

1883ರ ಆಗಸ್ಟ್ 27ರಂದು ಜಾವಾ–ಸುಮಾತ್ರಾ ನಡುವಿನ ಸುಂಡಾ ಜಲಸಂಧಿಯಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದು ದ್ವೀಪದ ಮೂರನೇ ಎರಡು ಭಾಗ ಸಮುದ್ರಕ್ಕೆ ಕುಸಿಯಿತು. 36 ಸಾವಿರಕ್ಕೂ ಹೆಚ್ಚು ಜನ ಸತ್ತರು, ಬಹುತೇಕರು ಸುನಾಮಿಗೆ ಸಿಕ್ಕಿ. ಉಳಿದ ತುಂಡು ರಕಾಟಾ. ಅದರ ಮಗ್ಗುಲಲ್ಲಿ ಸೆರ್ಟುಂಗ್, ಪಂಜಾಂಗ್. ಮೂರರ ಮೇಲೂ ಹತ್ತಾರು ಮೀಟರ್ ದಪ್ಪದ ಬಿಸಿ ಬೂದಿ, ಪ್ಯೂಮಿಸ್ ಕಲ್ಲು. ಮುಂದಿನ ಮೇ ತಿಂಗಳಲ್ಲಿ ಅಲ್ಲಿಗಿಳಿದ ಫ್ರೆಂಚ್ ತಂಡದ ಕಣ್ಣಿಗೆ ಬಿದ್ದ ಜೀವಿ ಒಂದೇ ಒಂದು ಪುಟ್ಟ ಜೇಡ. ಹಿಡಿಯಲು ನೊಣವೂ ಇಲ್ಲದ ಜಾಗದಲ್ಲಿ ಅದು ಬಲೆ ನೇಯುತ್ತಿತ್ತು!

ಸಸ್ಯವೆಲ್ಲ ನಿಜಕ್ಕೂ ಸತ್ತಿತ್ತೇ? ಡಚ್ ಸಸ್ಯವಿಜ್ಞಾನಿ ಬಾಕರ್ 1929ರಲ್ಲಿ ಇದನ್ನು ಬಲವಾಗಿ ಪ್ರಶ್ನಿಸಿದ್ದರು. ಆದರೆ ಗಿಡಗಳು ಕಾಣಿಸಿಕೊಂಡ ಕ್ರಮ ನೋಡಿದರೆ, ಹೆಚ್ಚಿನವು ಹೊರಗಿನಿಂದಲೇ ಬಂದವು ಎನ್ನುವುದು ಸರಿಯೆನಿಸುತ್ತದೆ. 1886ರಲ್ಲಿ ಇನ್ನೊಬ್ಬ ಡಚ್ ಸಸ್ಯವಿಜ್ಞಾನಿ ಟ್ರೂಬ್ ಹೋದಾಗ ಬೂದಿಯ ಮೇಲೆ ನೀಲಿ-ಹಸಿರು ಪಾಚಿಯ ಲೋಳೆಪದರ, ಒಳನಾಡಿನಲ್ಲಿ 11 ಬಗೆಯ ಜರೀಗಿಡಗಳಿದ್ದವು. ಜರೀಗಿಡದ ಬೀಜಕಗಳು ಧೂಳಿನಷ್ಟು ಹಗುರ, ಜಾವಾ, ಸುಮಾತ್ರಾ ಕಡೆಯಿಂದ ಸುಮಾರು 40 ಕಿ.ಮೀ. ಗಾಳಿಪ್ರಯಾಣ ಅವಕ್ಕೆ ಲೆಕ್ಕಕ್ಕಿಲ್ಲ. ದಡದಲ್ಲಿ ಚಿಗುರಿದ್ದು ಉಪ್ಪುನೀರಲ್ಲಿ ತೇಲಿಬಂದ ಬೀಜಗಳು. ನಮ್ಮ ಕರಾವಳಿಯ ಮರಳಿನಲ್ಲಿ ನೇರಳೆ ಹೂ ಬಿಟ್ಟು ಹಬ್ಬುವ ಬಳ್ಳಿ, ಕಾಡುಬಾದಾಮಿ ಎರಡೂ ಇದೇ ಗುಂಪಿನವು. 1897ರ ಹೊತ್ತಿಗೆ ಒಳಗೆಲ್ಲ ಆಳೆತ್ತರದ ಹುಲ್ಲು ಎದ್ದಿತ್ತು.

ಹಣ್ಣಿನ ಮರಗಳದ್ದು ಬೇರೆ ಕಥೆ. ಅವುಗಳ ಬೀಜ ಹಕ್ಕಿ, ಬಾವಲಿಗಳ ಹೊಟ್ಟೆಯಲ್ಲಿ ಬರಬೇಕು. ಕೂರಲು ಕೊಂಬೆ, ತಿನ್ನಲು ಹಣ್ಣು ಇಲ್ಲದಲ್ಲಿ ಅವು ಯಾಕೆ ಬಂದಾವು? ದಡದ ಮರಗಳೇ ಅವಕ್ಕೆ ಮೊದಲ ತಂಗುದಾಣ. ಅತ್ತಿ ಜಾತಿಯ ಮರಗಳಿಗಂತೂ ಅಷ್ಟೂ ಸಾಲದು. ಅತ್ತಿಹಣ್ಣು ಒಡೆದರೆ ಹುಳು ಎಂದು ಮೂಗು ಮುರಿಯುತ್ತೇವಲ್ಲ, ಆ ಹುಳು, ಅಂದರೆ ಪುಟ್ಟ ಕಣಜ, ಇಲ್ಲದಿದ್ದರೆ ಬೀಜವೇ ಕಟ್ಟುವುದಿಲ್ಲ. ಹೂಗಳೆಲ್ಲ ಕಾಯಿಯ ಒಳಗೋಡೆಯಲ್ಲಿರುತ್ತವೆ. ಒಂದೆರಡು ಮಿಲಿಮೀಟರ್ ಉದ್ದದ ಹೆಣ್ಣು ಕಣಜ ತುದಿಯ ಕಿಂಡಿಯಲ್ಲಿ ತೂರುವಾಗ ಎಷ್ಟೋ ಸಲ ರೆಕ್ಕೆ ಮುರಿದುಕೊಳ್ಳುತ್ತದೆ. ಒಳಗೆ ಪರಾಗ ಮುಟ್ಟಿಸಿ, ಮೊಟ್ಟೆಯಿಟ್ಟು ಸಾಯುತ್ತದೆ. ಸಾಮಾನ್ಯವಾಗಿ ಒಂದೊಂದು ಜಾತಿಯ ಮರಕ್ಕೆ ಅದರದೇ ಕಣಜ. ಬೆಳೆದ ಕಣಜದ ಆಯುಸ್ಸು ಒಂದೆರಡು ದಿನ. ಹಾಗಾಗಿ ಮರ ಬಂದು, ಬೆಳೆದು, ಕಾಯಿ ಬಿಟ್ಟರೂ ಅದರ ಕಣಜ ಸಮುದ್ರ ದಾಟಿ ತಲುಪುವ ತನಕ ಅದು ಬಂಜೆಯೇ.

1930ರ ಹೊತ್ತಿಗೆ ರಕಾಟಾದಲ್ಲಿ ಕಾಡು ಕವಿದು ಹುಲ್ಲುಗಾವಲು ಮಾಯವಾಗತೊಡಗಿತು. ಬಯಲನ್ನು ನೆಚ್ಚಿದ್ದ ಕಳಿಂಗ ಹಕ್ಕಿಯಂಥವು ಕಾಲಕ್ರಮದಲ್ಲಿ ಇಲ್ಲವಾದವು, ಅವುಗಳ ಜಾಗಕ್ಕೆ ಕಾಡಿನ ಹಕ್ಕಿಗಳು ಬಂದವು. ಹಕ್ಕಿ ಜಾತಿಗಳ ಸಂಖ್ಯೆಯಷ್ಟನ್ನೇ ನೋಡುವವರಿಗೆ ಈ ಅದಲುಬದಲು ಕಾಣುವುದೇ ಇಲ್ಲ.

ಸುಮಾತ್ರಾದ ಹಳೆಯ ಕಾಡಿನ ದೈತ್ಯರು ಮಾತ್ರ ಇಲ್ಲಿಗೆ ಬಂದಿಲ್ಲ. ಅವು ಪಶ್ಚಿಮಘಟ್ಟದ ಸಾಲುಧೂಪದ ಕುಟುಂಬದ ಮರಗಳು. ಹಲವಕ್ಕೆ ಬೀಜದಲ್ಲಿ ರೆಕ್ಕೆಯಿದ್ದರೂ ಭಾರ ಹೆಚ್ಚು, ತಾಯಿಮರದಿಂದ ದೂರ ಹೋಗಲಾರವು. ಬಿದ್ದ ಕೆಲವೇ ವಾರಗಳಲ್ಲಿ ಮೊಳೆಯಬೇಕು, ಇಲ್ಲ ಸಾಯಬೇಕು.

ಇದರ ನಡುವೆ 1927ರಲ್ಲಿ ಕಡಲೊಳಗಿಂದ ಹೊಸ ಜ್ವಾಲಾಮುಖಿ ತಲೆಯೆತ್ತಿತು: ಅನಕ್ ಕ್ರಕಟಾವ್. ಅದು ಕಾರುವ ಬೂದಿ ಸೆರ್ಟುಂಗ್, ಪಂಜಾಂಗ್‌ಗಳ ಮೇಲೆ ಮತ್ತೆ ಮತ್ತೆ ಸುರಿದಿದೆ, ರಕಾಟಾದ ಮೇಲೆ ಕಡಿಮೆ. ಒಂದೇ ದಿನ ಬೋಳಾದ ಮೂರು ದ್ವೀಪಗಳಲ್ಲಿ ಇಂದು ಒಂದೇ ಬಗೆಯ ಕಾಡಿಲ್ಲದಿರುವುದಕ್ಕೆ ಇದೊಂದು ಮುಖ್ಯ ಕಾರಣ. 2018ರ ಡಿಸೆಂಬರ್ 22ರಂದು ಅನಕ್‌ನ ಒಂದು ಪಾರ್ಶ್ವ ಜಾರಿ 400ಕ್ಕೂ ಹೆಚ್ಚು ಜನ ಸುನಾಮಿಗೆ ಬಲಿಯಾದರು. 338 ಮೀಟರ್ ಎತ್ತರದ ಶಿಖರ 110 ಮೀಟರಿಗಿಳಿಯಿತು. ಅದರ ದಡದಲ್ಲಿ ನೆಲೆಯೂರಿದ್ದ ಗಾಳಿಮರಗಳ ತೋಪೂ ಹೋಯಿತು.