ಮಗ್ಗುಲಲ್ಲೇ ಎದುರಾಳಿ ಬಂದು ಕೂತಾಗ: ಸಿವಿಲೈಸೇಶನ್ 6ರ ಮೊದಲ ಟರ್ನ್‌ಗಳ ಟಿಪ್ಪಣಿ

ಸಿವಿಲೈಸೇಶನ್ ಅಂದ್ರೆ ಸರದಿ (ಟರ್ನ್) ಪ್ರಕಾರ ಸಾಮ್ರಾಜ್ಯ ಕಟ್ಟೋ ಕಂಪ್ಯೂಟರ್ ಗೇಮ್. ಗೇಮ್ ಶುರುವಾಗಿ 4 ಟರ್ನ್ ಆಗಿರಲ್ಲ, ವಾರಿಯರ್‌ನ ಒಂದು ಗುಡ್ಡ ಹತ್ತಿಸಿರ್ತೀವಿ ಅಷ್ಟೇ, ಆಚೆ ಕಡೆ ನೋಡಿದ್ರೆ ಆಗ್ಲೇ ಬೇರೆಯವರ ಗಡಿ ಬಣ್ಣ. ಹೆಚ್ಚಿನವರು ಇಲ್ಲೇ ರೀಸ್ಟಾರ್ಟ್ ಒತ್ತಿಬಿಡ್ತಾರೆ, ನಾನೂ ಬಹಳ ದಿನ ಅದನ್ನೇ ಮಾಡ್ತಿದ್ದೆ. ಈಗ ಮಾಡಲ್ಲ. ಅವನು ನಮಗೆ ಎಷ್ಟು ಹತ್ರವೋ ನಾವೂ ಅವನಿಗೆ ಅಷ್ಟೇ ಹತ್ರ, ಆದ್ರೆ ಟೈಲ್ (ಮ್ಯಾಪ್‌ನ ಒಂದೊಂದು ಷಟ್ಕೋನದ ಮನೆ) ಎಣಿಸಿ ಅವನ ದಾರಿ ಮುಚ್ಚೋ ಬುದ್ಧಿ ನಮಗಿದೆ, ಕಂಪ್ಯೂಟರ್‌ಗೆ ಅದು ಅಷ್ಟಾಗಿ ಬರಲ್ಲ.

ಮೊದ್ಲು ಹೀಗ್ಯಾಕಾಗತ್ತೆ ಅಂತ ನೋಡೋಣ. 2010ರಲ್ಲಿ ಬಂದ ಸಿವಿಲೈಸೇಶನ್ 5ರಲ್ಲಿ ಇದು ಚೆನ್ನಾಗಿ ಅರ್ಥ ಆಗತ್ತೆ, ಅಲ್ಲಿ ನೆಲದ ಫಲವತ್ತತೆ ಲೆಕ್ಕ ಹಾಕಿ ಆಟಗಾರರು ಎಷ್ಟು ಜನ ಇದಾರೋ ಅಷ್ಟು ಪ್ರದೇಶ ಮಾಡಿ ಒಂದೊಂದರಲ್ಲಿ ಒಬ್ಬೊಬ್ಬರನ್ನ ಕೂರಿಸ್ತಾರೆ. ಪಾಲು ಸಮ ಇರೋದು ಫಲವತ್ತತೆಯಲ್ಲಿ, ವಿಸ್ತೀರ್ಣದಲ್ಲಲ್ಲ. ಹಾಗಾಗಿ ನದಿ, ಹುಲ್ಲುಗಾವಲು ತುಂಬಿರೋ ಕಡೆ ಪ್ರದೇಶ ಚಿಕ್ಕದಾಗತ್ತೆ, ರಾಜಧಾನಿಗಳು ಹತ್ರ ಹತ್ರ ಬೀಳ್ತವೆ. ಅಂದ್ರೆ ಇಕ್ಕಟ್ಟಿನ ಜಾಗ ಅನ್ನೋದು ಎಷ್ಟೋ ಸಲ ಒಳ್ಳೇ ಜಾಗವೇ. ಇದರ ಮೇಲೆ ಸ್ಟಾರ್ಟ್ ಬಯಾಸ್ (ಯಾರಿಗೆ ಯಾವ ಥರದ ನೆಲದಲ್ಲಿ ಶುರು ಅನ್ನೋ ಒಲವು) ಬೇರೆ, ಕರಾವಳಿ ಬೇಕು ಅನ್ನೋ ಇಬ್ಬರು ಒಂದೇ ತೀರಕ್ಕೆ ಬಂದ್ರೆ ಮುಗೀತು. 6ರಲ್ಲಿ ಸ್ಟ್ಯಾಂಡರ್ಡ್ ಮ್ಯಾಪ್ 84×54, ಅದು 8 ಜನಕ್ಕೆ ಅಂತ ಮಾಡಿರೋದು, ಅದಕ್ಕೆ 12 ಜನ ತುಂಬಿಸಿ ಆಮೇಲೆ ಜಾಗ ಇಲ್ಲ ಅಂತ ಬೈದ್ರೆ ಮ್ಯಾಪ್ ಏನ್ ಮಾಡತ್ತೆ. ನಿಜವಾದ ಭೂಪಟದ ಮ್ಯಾಪ್‌ನಲ್ಲಂತೂ ರೋಮ್, ಗ್ರೀಸ್, ಫ್ರಾನ್ಸ್, ಜರ್ಮನಿ ಒಬ್ಬರ ತೊಡೆ ಮೇಲೆ ಒಬ್ಬರು, ಆಸ್ಟ್ರೇಲಿಯಾ ಮಾತ್ರ ಒಂದಿಡೀ ಖಂಡದಲ್ಲಿ ಒಬ್ಬನೇ.

ಈಗ ಎಣಿಕೆ, ಇದೇ ಈ ಟಿಪ್ಪಣಿಯ ಮುಖ್ಯ ಭಾಗ, ನಿಧಾನಕ್ಕೆ ಓದಿ. ಎರಡು ಸಿಟಿ ನಡುವೆ ಕನಿಷ್ಠ 3 ಟೈಲ್ ಖಾಲಿ ಇರಬೇಕು, ಅಂದ್ರೆ ಒಂದರಿಂದ ಹೊರಟು ನಡೆದ್ರೆ 4ನೇ ಟೈಲ್ ಮೇಲೆ ಇನ್ನೊಂದು ಹಾಕಬಹುದು. 3, 4 ಅಂತ ಗೊಂದಲ ಮಾಡ್ಕೊಂಡು, ಹೊಸ ಸಿಟಿ ಹಾಕೋ ಸೆಟ್ಲರ್‌ನ ಒಂದು ಟೈಲ್ ಹಿಂದೆ ಮುಂದೆ ಓಡಿಸಿ ಟರ್ನ್ ಕಳ್ಕೊಳ್ಳೋದು ಎಲ್ಲರೂ ಮಾಡೋ ತಪ್ಪು. ಇಬ್ಬರ ರಾಜಧಾನಿ ನಡುವೆ ದೂರ 9 ಅಂತ ಇಟ್ಕೊಳ್ಳಿ. ನೇರ ಗೆರೆಯಲ್ಲಿ ನಮ್ಮಿಂದ 4ನೇದು ಅಥವಾ 5ನೇದು, ಎರಡೇ ಟೈಲ್ ಲೆಕ್ಕಕ್ಕೆ ಬರೋದು, ಒಂದೇ ಸಿಟಿ ಹಿಡಿಯೋದು, ಯಾರು ಮೊದ್ಲು ಹೋದ್ರೋ ಅವರದ್ದು.

ದೂರ 12 ಇದ್ರೆ ಮಜಾ ಇದೆ. ನಮ್ಮಿಂದ 8ನೇ ಟೈಲ್‌ಗೆ ಹೋಗಿ ಹಾಕಿದ್ರೆ ಅದು ಅವನ ರಾಜಧಾನಿಯಿಂದ ಸರಿಯಾಗಿ 4, ಅವನಿಗೆ ನಡುವೆ ಏನೂ ಉಳಿಯಲ್ಲ, ನಾವು ಆಮೇಲೆ ಆರಾಮಾಗಿ 4ನೇ ಟೈಲ್‌ನಲ್ಲೂ ಇನ್ನೊಂದು ಹಾಕಬಹುದು. ಸಿವಿಲೈಸೇಶನ್ 5ರಲ್ಲಿ ನಾನು ಕಣ್ಣು ಮುಚ್ಚಿ ಇದನ್ನೇ ಮಾಡ್ತಿದ್ದೆ. 6ರಲ್ಲೂ ಅದೇ ಅಭ್ಯಾಸದಲ್ಲಿ ಮಾಡಿದೆ, ಸಿಟಿ ಹಾಕಿ ಸ್ವಲ್ಪ ಹೊತ್ತಲ್ಲೇ ಅದರ ಪಕ್ಕ ಕೆಂಪು ಬಾಣ, ಇನ್ನೊಂದಷ್ಟು ಟರ್ನ್‌ಗೆ ಬಂಡಾಯ, ಕೊನೆಗೆ ಅದು ಅವನ ಪಾಲಾಯ್ತು. ಸೆಟ್ಲರ್‌ಗೆ 80 ಪ್ರೊಡಕ್ಷನ್ (ಕಟ್ಟೋ ಶ್ರಮ) ಕೊಟ್ಟು, ರಾಜಧಾನಿಯ ಒಬ್ಬ ಪ್ರಜೆನ ಕಳ್ಕೊಂಡು, ಪಕ್ಕದವನಿಗೆ ನಾನೇ ಒಂದು ಸಿಟಿ ಕಟ್ಟಿಕೊಟ್ಟ ಹಾಗಾಯ್ತು.

ಕಾರಣ ಲಾಯಲ್ಟಿ, ಅಂದ್ರೆ ಸಿಟಿಯ ನಿಷ್ಠೆ, 2018ರ ರೈಸ್ ಆಂಡ್ ಫಾಲ್ ಎಕ್ಸ್‌ಪಾನ್ಶನ್ ಜೊತೆ 6ಕ್ಕೆ ಬಂದಿದ್ದು. 9 ಟೈಲ್ ಒಳಗಿನ ಪ್ರತಿ ಪ್ರಜೆಯೂ ಆ ಸಿಟಿನ ತನ್ನ ಕಡೆ ಎಳೀತಾನೆ, ಒಂದೊಂದು ಟೈಲ್ ದೂರ ಹೋದಂಗೆ ಎಳೆತ 10% ಕಮ್ಮಿ. ಇಬ್ಬರ ರಾಜಧಾನಿಯಲ್ಲೂ 5 ಜನ ಇದಾರೆ ಅನ್ಕೊಳ್ಳಿ, ಯುಗದ ಏರುಪೇರು ಮತ್ತೆ ರಾಜಧಾನಿಗೆ ಸಿಗೋ ಹೆಚ್ಚುವರಿ ಎರಡನ್ನೂ ಪಕ್ಕಕ್ಕಿಡೋಣ. 8ನೇ ಟೈಲ್‌ನಲ್ಲಿ ನಮ್ಮ ಎಳೆತ 5ರ 20%, ಅಂದ್ರೆ 1. ಅವನದ್ದು ಬರೀ 4 ಟೈಲ್ ದೂರ, 5ರ 60%, ಅಂದ್ರೆ 3. ಅದೇ ಸಿಟಿನ ಸರಿಯಾಗಿ ನಡುವೆ, 6ನೇ ಟೈಲ್‌ನಲ್ಲಿ ಹಾಕಿದ್ರೆ ಇಬ್ಬರದ್ದೂ 2, ಹೊಸ ಸಿಟಿಯೊಳಗಿನ ನಮ್ಮ ಒಬ್ಬನೇ ಪ್ರಜೆ ತಕ್ಕಡಿನ ನಮ್ಮ ಕಡೆ ಬಾಗಿಸ್ತಾನೆ, ಮೇಲೆ ಒಬ್ಬ ಗವರ್ನರ್ ಕೂರಿಸಿದ್ರೆ +8 ಲಾಯಲ್ಟಿ. 6ನೇ ಟೈಲ್ ಹಿಡಿದ್ರೆ ಆ ಗೆರೆಯಲ್ಲಿ ಅವನಿಗೂ ಜಾಗ ಇಲ್ಲ, ನಮಗೂ ಇನ್ನೊಂದು ಇಲ್ಲ, ಆ ಒಂದು ಸಿಟಿ ಬಿಟ್ಟುಕೊಡಬೇಕು. ಪರವಾಗಿಲ್ಲ, ನಮ್ಮ ಬೆನ್ನ ಹಿಂದಿನ ಜಾಗ ಎಲ್ಲಿಗೂ ಓಡಿಹೋಗಲ್ಲ. ಅದಕ್ಕೇ ಮೊದಲ ಸೆಟ್ಲರ್ ಯಾವಾಗ್ಲೂ ಪಕ್ಕದವನ ಕಡೆಗೆ, ಹಿಂದಿನ ಜಾಗ ಎಷ್ಟೇ ಚೆನ್ನಾಗಿರ್ಲಿ. ಇದೆಲ್ಲ ಹಾಳೆ ಮೇಲಿನ ನೇರ ಗೆರೆ ಅಂತ ನೆನಪಿರ್ಲಿ, ಮ್ಯಾಪ್‌ನಲ್ಲಿ ಅವನು ಪಕ್ಕದಿಂದ ಸುತ್ತಿಕೊಂಡು ಬರಬಹುದು, ಹಾಗಾಗಿ ಒಂದು ಕಡೆ ಬೆಟ್ಟಸಾಲೋ ಸಮುದ್ರವೋ ಇರೋ ಇಕ್ಕಟ್ಟಿನ ಜಾಗ ಸಿಕ್ಕರೆ ಒಂದೆರಡು ಟೈಲ್ ಆಚೀಚೆ ಆದ್ರೂ ಅದನ್ನೇ ಹಿಡೀರಿ.

ಇನ್ನು ಯುದ್ಧ. ಮುತ್ತಿಗೆ ಹಾಕೋಕೂ ಮುಂಚೆ ಒಂದು ಚಿಕ್ಕ ಕಳ್ಳತನ ಇದೆ. ಅತಿ ಕಷ್ಟದ ಡೀಟಿ ಲೆವೆಲ್‌ನಲ್ಲಿ ಕಂಪ್ಯೂಟರ್ 3 ಸೆಟ್ಲರ್, 5 ವಾರಿಯರ್ ಇಟ್ಕೊಂಡೇ ಶುರು ಮಾಡತ್ತೆ, ಆ ಸೆಟ್ಲರ್‌ಗಳು ಮೊದಲ ಟರ್ನ್‌ಗಳಲ್ಲಿ ಜಾಗ ಹುಡುಕ್ತಾ ಅಲೀತಿರ್ತವೆ. ಕಾವಲಿಲ್ಲದ್ದು ಒಂದು ನಿಮ್ಮ ವಾರಿಯರ್ ಪಕ್ಕಕ್ಕೆ ಬಂದ್ರೆ ಯುದ್ಧ ಸಾರಿ ಅದರ ಟೈಲ್ ಮೇಲೆ ಕಾಲಿಡಿ, 6ರಲ್ಲಿ ಅದು ಸೆಟ್ಲರ್ ಆಗಿಯೇ ನಿಮ್ಮ ಕೈಗೆ ಬರತ್ತೆ, 5ರಲ್ಲಾದ್ರೆ ವರ್ಕರ್ ಆಗ್ತಿತ್ತು. ಆಮೇಲೆ ಸುಮ್ಮನೆ ಮನೆಗೆ ಬಂದು ಆರ್ಚರ್‌ಗಳನ್ನ ಇಟ್ಕೊಂಡು ಕೂತ್ಕೊಳ್ಳಿ, ಯಾಕಂದ್ರೆ ಆ ಲೆವೆಲ್‌ನಲ್ಲಿ ಅವನ ಸೈನ್ಯಕ್ಕೆ +4 ಬಲ ಬೇರೆ ಇರತ್ತೆ, ವಾರಿಯರ್ ಕಟ್ಕೊಂಡು ಎದುರಾ ಎದುರು ಹೋದ್ರೆ ಒದೆ ತಿಂದು ಬರ್ತೀರಿ.

ಸಾಧಾರಣ ಕಷ್ಟದ ಪ್ರಿನ್ಸ್ ಲೆವೆಲ್‌ನಲ್ಲಿ ಆದ್ರೆ 3-4 ಆರ್ಚರ್, 2 ವಾರಿಯರ್ ಇದ್ರೆ ಗೋಡೆ ಏಳೋ ಮುಂಚೆ ರಾಜಧಾನಿನೇ ಬೀಳಿಸಬಹುದು. ಸ್ಲಿಂಗರ್ (ಕವಣೆಗಾರ) ಕೈಲಿ ಒಂದು ಶತ್ರುನ ಕೊಲ್ಲಿಸಿದ್ರೆ ಆರ್ಚರಿ ತಂತ್ರಜ್ಞಾನಕ್ಕೆ ಯುರೇಕಾ (ಬೇಗ ಕಲಿಯೋ ಬೋನಸ್) ಸಿಗತ್ತೆ, ಅಗೋಗೆ ಅನ್ನೋ ಪಾಲಿಸಿ ಕಾರ್ಡ್ ಹಾಕಿದ್ರೆ ಈ ಸೈನಿಕರನ್ನ ಕಟ್ಟೋದು 50% ವೇಗ. ಸಿಟಿಗೆ 200 ಜೀವ, ಬಿಟ್ಟರೆ ಪ್ರತಿ ಟರ್ನ್ 20 ವಾಪಸ್ ಬರತ್ತೆ, ಸುತ್ತ ಪೂರ್ತಿ ಮುತ್ತಿಗೆ ಹಾಕಿದ್ರೆ ಬರಲ್ಲ. ಇದಕ್ಕೆ 6 ಟೈಲ್‌ಗೂ ಸೈನಿಕರು ಬೇಕಿಲ್ಲ, ವಾರಿಯರ್‌ನ ಝೋನ್ ಆಫ್ ಕಂಟ್ರೋಲ್ (ಅದರ ಸುತ್ತಲಿನ ಟೈಲ್‌ಗಳ ಮೇಲಿನ ಹಿಡಿತ) ಕೂಡ ಲೆಕ್ಕಕ್ಕೆ ಬರತ್ತೆ, ಇದು ಗೊತ್ತಿಲ್ದೆ ನಾನು ಎಷ್ಟೋ ಮುತ್ತಿಗೆ ಅರ್ಧಕ್ಕೆ ಬಿಟ್ಟಿದ್ದೆ.

ಪಕ್ಕದವನು ಯಾರು ಅನ್ನೋದನ್ನೂ ನೋಡ್ಬೇಕು. ಸುಮೇರಿಯಾದ ಗಿಲ್ಗಮೆಶ್ ಆದ್ರೆ ಅವನ ಯುದ್ಧರಥ ವಾರ್ ಕಾರ್ಟ್‌ಗೆ ಯಾವ ತಂತ್ರಜ್ಞಾನವೂ ಬೇಡ, ಬಲ 30, ನಮ್ಮ ವಾರಿಯರ್ ಬರೀ 20. ಅವನ ತಂಟೆಗೆ ಹೋಗ್ಬೇಡಿ, ಸಿಕ್ಕ ಟರ್ನ್‌ನಲ್ಲೇ 25 ಗೋಲ್ಡ್ ಕೊಟ್ಟು ಡೆಲಿಗೇಶನ್ (ನಿಯೋಗ) ಕಳಿಸಿ, ಸ್ನೇಹಕ್ಕೆ ಬೇಗ ಒಪ್ಕೊಳ್ಳೋ ಮನುಷ್ಯ. ಚಂದ್ರಗುಪ್ತನ ಹತ್ರ ಈ ಉಪಾಯ ಅಷ್ಟು ನಡೆಯಲ್ಲ, ಗಡಿ ತಾಗಿಸಿಕೊಂಡಿರೋರನ್ನ ಕಂಡ್ರೇ ಅವನಿಗಾಗಲ್ಲ, ಮಿಲಿಟರಿ ಟ್ರೈನಿಂಗ್ ಅನ್ನೋ ಸಿವಿಕ್ (ನಾಗರಿಕ ಸುಧಾರಣೆ) ಕೈಗೆ ಸಿಕ್ಕಿದ್ರೆ ಗಡಿ ವಿಸ್ತರಣೆಯ ಯುದ್ಧ ಸಾರಬಹುದು, ಆಗ ಮೊದಲ 10 ಟರ್ನ್ ಅವನ ಸೈನ್ಯಕ್ಕೆ +5 ಬಲ, +2 ನಡಿಗೆ. ಅವನು ಅಲ್ಲಿಗೆ ತಲುಪೋದ್ರೊಳಗೆ 6ನೇ ಟೈಲ್‌ನ ಆ ಸಿಟಿಗೆ ಗೋಡೆ ಎದ್ದಿರ್ಬೇಕು, ಒಳಗೆ ಒಬ್ಬ ಆರ್ಚರ್ ಕೂತಿರ್ಬೇಕು.