ಓಟ ರಕ್ತದಲ್ಲಿದೆ ಎನ್ನುವವರಿಗೆ

ಶಿರಸಿಯಲ್ಲಿ ಶಾಲಾ ಕ್ರೀಡಾಕೂಟ ನಡೆದಿತ್ತು. ರಾತ್ರಿ ಸುರಿದ ಮಳೆಗೆ ಸುಣ್ಣದ ಗೆರೆಗಳು ಅಲ್ಲಲ್ಲಿ ಅಳಿಸಿಹೋಗಿದ್ದವು. 400 ಮೀಟರ್ ಓಟದ ಕೊನೆಯ ತಿರುವಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗಿಯೊಬ್ಬಳು ಬರಿಗಾಲಿನಲ್ಲಿ ಎಲ್ಲರನ್ನೂ ಹಿಂದಿಕ್ಕಿದಳು. ನನ್ನ ಪಕ್ಕದಲ್ಲಿದ್ದ ಹಿರಿಯರು ಮೆಚ್ಚುಗೆಯಿಂದಲೇ ಹೇಳಿದರು: "ಅವರಿಗೇನು ಬಿಡಿ, ಓಟ ರಕ್ತದಲ್ಲೇ ಬಂದಿರುತ್ತದೆ." ಹುಡುಗಿ ಮೊಣಕಾಲಿನ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದಳು. ಹಿಮ್ಮಡಿಯ ಬಿರುಕಿನಲ್ಲಿ ಕೆಮ್ಮಣ್ಣು ತುಂಬಿತ್ತು. ಆ ಮಾತು ಅವಳ ಕಿವಿಗೂ ಬಿದ್ದಿರಬೇಕು.

ಮೆಚ್ಚುಗೆಯ ಮಾತೇ ಹೌದು. ಆದರೆ ಅವಳು ಪಟ್ಟ ಶ್ರಮವನ್ನು ಅದು ಒಂದೇ ಏಟಿಗೆ ಅಳಿಸಿಹಾಕುತ್ತದೆ. ಹಾಗಾಗಿ ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ರಕ್ತದಲ್ಲಿ ನಿಜಕ್ಕೂ ಏನಿದೆ?

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ಕಡೆಯ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು ಅವರಲ್ಲಿ ಬಹಳಷ್ಟು ಮಂದಿಯನ್ನು ಗುಲಾಮರನ್ನಾಗಿ ತಂದರು. ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರೂ ಇದ್ದರು. 2011ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು ಅವರಲ್ಲಿ ಆಫ್ರಿಕನ್, ಭಾರತೀಯ, ಯುರೋಪಿಯನ್ ಮೂಲಗಳು ಬೆರೆತಿರುವುದನ್ನು ತೋರಿಸಿತು.

ಇನ್ನು 'ವೇಗದ ವಂಶವಾಹಿ' ಎಂದು ಹೆಸರಾದ ಎಸಿಟಿಎನ್3. ಥಟ್ಟನೆ ಬಿಗಿದುಕೊಳ್ಳುವ ಸ್ನಾಯು ಎಳೆಗಳಲ್ಲಿ ಇದು ಒಂದು ಪ್ರೊಟೀನ್ ತಯಾರಿಸುತ್ತದೆ. ಆಫ್ರಿಕಾ ಮೂಲದ ಬಹುತೇಕ ಎಲ್ಲರಲ್ಲೂ ಆ ಪ್ರೊಟೀನ್ ಇದೆ, ನಿಜ. ಆದರೆ ಯುರೋಪಿಯನ್ನರಲ್ಲಿಯೂ ಐವರಲ್ಲಿ ನಾಲ್ವರಿಗೆ ಅದು ಇದೆ. ಅವರೆಲ್ಲ ಓಟಗಾರರಾಗಲಿಲ್ಲ. ಇಷ್ಟು ಜನರಲ್ಲಿ ಇರುವ ಒಂದು ಗುಣ, ಸಾವಿರ ಮಕ್ಕಳಲ್ಲಿ ಯಾರು ಪದಕ ತರುತ್ತಾರೆ ಎಂಬುದನ್ನು ಹೇಗೆ ಹೇಳೀತು?

ರಕ್ತದ ಈ ಮಾತನ್ನು ಸರ್ಕಾರವೂ ನಂಬಿತ್ತು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯೊಂದರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಓಟ, ಜಿಗಿತ, ಎಸೆತಗಳ ಏಳು ಸ್ಪರ್ಧೆ ಸೇರಿದ ಹೆಪ್ಟಾಥ್ಲಾನ್‌ನ ಆಟಗಾರ್ತಿ ಕಮಲಾ ಸಿದ್ದಿಯಂಥವರು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತುಹೋಯಿತು. ಅಂತರರಾಷ್ಟ್ರೀಯ ಮಟ್ಟದ ಓಟಗಾರ ಸಿದ್ಧನಾಗಲು ಎಂಟು ಹತ್ತು ವರ್ಷಗಳ ಎಡೆಬಿಡದ ತರಬೇತಿ, ಊಟ, ಆರೈಕೆ ಬೇಕು. ನಡುವೆಯೇ ಕೈಬಿಟ್ಟರೆ ಯಾವ ರಕ್ತವೂ ಓಡುವುದಿಲ್ಲ. ಇಲ್ಲಿನ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ ಯೋಜನೆ ನಿಂತ ಎಷ್ಟೋ ವರ್ಷಗಳ ಮೇಲೆ, 2003ರಲ್ಲಿ.

ರಕ್ತದಲ್ಲಿ ಅಳೆಯಬೇಕಾದದ್ದು ಬೇರೆ ಇದೆ. ಮೊದಲನೆಯದು ಹಿಮೋಗ್ಲೋಬಿನ್. ಸ್ನಾಯುವಿಗೆ ಆಮ್ಲಜನಕ ಹೊತ್ತೊಯ್ಯುವುದು ಅದೇ. ಅದು ಕಡಿಮೆಯಾದರೆ 400 ಮೀಟರಿನ ಕೊನೆಯ ನೂರರಲ್ಲಿ ಕಾಲು ಕಲ್ಲಾಗುತ್ತದೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಓಟದ ಭವಿಷ್ಯವನ್ನು ರಕ್ತದಲ್ಲಿ ಹುಡುಕುವವರು ಮೊದಲು ಈ ಅಂಕಿಯನ್ನು ನೋಡಬೇಕು.

ಎರಡನೆಯದು ಕಾರ್ಟಿಸಾಲ್. ಅಪಾಯ ಎದುರಾದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಇದನ್ನು ರಕ್ತಕ್ಕೆ ಬಿಡುತ್ತದೆ. ಹುಲಿ ಬಂದರೆ ಇದು ಪ್ರಾಣ ಉಳಿಸುತ್ತದೆ. ಆದರೆ ಬಸ್ಸಿನಲ್ಲಿ ದುರುಗುಟ್ಟುವ ಕಣ್ಣು, ತರಗತಿಯಲ್ಲಿ ಕೂದಲು ಹಿಡಿದು ನಗುವ ಸಹಪಾಠಿ, "ನಿಮ್ಮ ದೇಶ ಯಾವುದು" ಎಂಬ ಪ್ರಶ್ನೆ, ಇವು ಹುಲಿಯಂತೆ ಬಂದು ಹೋಗುವುದಿಲ್ಲ, ದಿನವೂ ಇರುತ್ತವೆ. ಕಾರ್ಟಿಸಾಲ್ ತಿಂಗಳುಗಟ್ಟಲೆ ಏರಿಯೇ ಇದ್ದರೆ ನಿದ್ದೆ ಕೆಡುತ್ತದೆ. ನೆನಪನ್ನು ನೋಡಿಕೊಳ್ಳುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗವೂ ಸೊರಗುತ್ತದೆ.

ಓಟ ಇಲ್ಲಿ ಕೈಹಿಡಿಯುತ್ತದೆ. ಓಡುವಾಗಲೂ ಕಾರ್ಟಿಸಾಲ್ ಏರುತ್ತದೆ, ಆದರೆ ಓಟ ಮುಗಿದ ಮೇಲೆ ಇಳಿಯುತ್ತದೆ. ಏರಿ ಇಳಿಯುವ ಈ ಅಭ್ಯಾಸ ದಿನವೂ ಆದರೆ, ಬೇರೆ ಒತ್ತಡಗಳಿಂದಲೂ ಬೇಗ ಚೇತರಿಸಿಕೊಳ್ಳುವುದನ್ನು ದೇಹ ಕಲಿಯಬಹುದು. 2011ರ ಇನ್ನೊಂದು ಅಧ್ಯಯನದಲ್ಲಿ 120 ಮಂದಿ ವೃದ್ಧರನ್ನು ಎರಡು ಗುಂಪು ಮಾಡಿದರು. ಒಂದು ವರ್ಷ ಬಿರುಸಾಗಿ ನಡೆದ ಗುಂಪಿನವರ ಹಿಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ಹಿಗ್ಗಿತ್ತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆಕ್ಸ್‌ಫರ್ಡ್‌ನ ಪುಟ್ಟ ಪ್ರಯೋಗ. 12 ಮಂದಿ ದೋಣಿ ಹುಟ್ಟುಗಾರರು ಯಂತ್ರದ ಮೇಲೆ ಒಮ್ಮೆ ಒಬ್ಬೊಬ್ಬರಾಗಿ, ಇನ್ನೊಮ್ಮೆ ಜೊತೆಯಾಗಿ 45 ನಿಮಿಷ ಹುಟ್ಟು ಹಾಕಿದರು. ಬಳಿಕ ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ತೋಳಿಗೆ ಬಿಗಿದು, ನೋವನ್ನು ಎಷ್ಟರ ಮಟ್ಟಿಗೆ ತಾಳುತ್ತಾರೆಂದು ನೋಡಿದರು. ದುಡಿತ ಅಷ್ಟೇ ಆಗಿದ್ದರೂ, ಒಂದೇ ಲಯದಲ್ಲಿ ಜೊತೆಗೂಡಿ ಹುಟ್ಟು ಹಾಕಿದ ದಿನ ತಾಳಿಕೆ ಸ್ಪಷ್ಟವಾಗಿ ಹೆಚ್ಚಿತ್ತು. ಎಂಡಾರ್ಫಿನ್ ಎಂಬ ನೋವುನಿವಾರಕವನ್ನು ಮಿದುಳು ಹೆಚ್ಚು ಬಿಡುವುದೇ ಇದಕ್ಕೆ ಕಾರಣವಿರಬೇಕೆಂದು ಸಂಶೋಧಕರು ಊಹಿಸಿದರು. ಇದನ್ನು ಓದಿದಾಗ ನನಗೆ ನೆನಪಾದದ್ದು ಸಿದ್ದಿಗಳ ಡಮಾಮಿ. ಎರಡೂ ಬದಿಗೆ ಚರ್ಮ ಬಿಗಿದ ಆ ವಾದ್ಯದ ಪೆಟ್ಟಿಗೆ ಮುದುಕಿಯರಿಂದ ಮಕ್ಕಳವರೆಗೆ ಒಂದೇ ಹೆಜ್ಜೆ ಬೀಳುತ್ತದೆ. ದಣಿದ ದೇಹಗಳು ಹೀಗೆ ಒಂದೇ ಲಯಕ್ಕೆ ಸೇರಿದಾಗ ನೋವು ತಗ್ಗುತ್ತದೆ ಎಂಬುದನ್ನು ಕೇರಿಯ ಹಿರಿಯರಿಗೆ ಪ್ರಯೋಗಾಲಯ ಕಲಿಸಬೇಕಾಗಿರಲಿಲ್ಲ.

ಉತ್ತರ ಅಮೆರಿಕದ ಹೌಡೆನೊಸೌನಿ ಮೂಲನಿವಾಸಿಗಳು, ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಲ್ಯಾಕ್ರಾಸ್ ಆಟವನ್ನು ಇಂದಿಗೂ 'ಮದ್ದಿನ ಆಟ' ಎಂದೇ ಕರೆಯುತ್ತಾರೆ. ಊರಿನಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಅವರಿಗಾಗಿ ಆಡುವ ಪದ್ಧತಿ ಅವರಲ್ಲಿದೆ. ಮದ್ದಿನಂಥ ಈ ಆಟ ಅವರಿಗೆ ಹಕ್ಕಿನ ಮಾತೂ ಹೌದು. 2010ರಲ್ಲಿ ತಮ್ಮದೇ ರಾಷ್ಟ್ರದ ಪಾಸ್‌ಪೋರ್ಟ್ ಹಿಡಿದು ವಿಶ್ವ ಚಾಂಪಿಯನ್‌ಷಿಪ್‌ಗೆ ಹೊರಟ ಅವರ ತಂಡವನ್ನು ಬ್ರಿಟನ್ ಒಳಗೆ ಬಿಡಲಿಲ್ಲ. ಅಮೆರಿಕದ ಪಾಸ್‌ಪೋರ್ಟ್‌ನಲ್ಲಿ ಹೋಗಿ ಆಡುವುದಕ್ಕಿಂತ ಆಡದಿರುವುದೇ ಮೇಲೆಂದು ಅವರು ಹಿಂದಿರುಗಿದರು. 2019ರಲ್ಲಿ ಅಮೆರಿಕದ ಲಕೋಟಾ ಮೂಲನಿವಾಸಿ ಓಟಗಾರ್ತಿ ಜೋರ್ಡನ್ ಮೇರಿ ಬಾಸ್ಟನ್ ಮ್ಯಾರಥಾನ್‌ನ 26 ಮೈಲಿಗಳನ್ನು, ಕಾಣೆಯಾದ ಅಥವಾ ಕೊಲೆಯಾದ 26 ಮೂಲನಿವಾಸಿ ಹೆಣ್ಣುಮಕ್ಕಳ ಹೆಸರಿಗೆ ಒಂದೊಂದಾಗಿ ಅರ್ಪಿಸಿ ಓಡಿದರು. ಅವರ ಬಾಯಿಯ ಮೇಲೆ, ದನಿ ಅಡಗಿಸಲ್ಪಟ್ಟವರ ಸಂಕೇತವಾಗಿ, ಕೆಂಪು ಬಣ್ಣದ ಅಂಗೈ ಗುರುತಿತ್ತು. ಓಟ ಮನಸ್ಸಿನ ಭಾರವನ್ನು ಇಳಿಸಬಹುದು, ಭಾರ ಹೊರಿಸಿದವರನ್ನು ಕೇಳುವ ಕೆಲಸ ಬೇರೆಯೇ ಇದೆ. ಈ ಆಟಗಾರರು, ಓಟಗಾರರು ಎರಡನ್ನೂ ಒಟ್ಟಿಗೆ ಮಾಡುತ್ತಿದ್ದಾರೆ, ಆದ್ದರಿಂದಲೇ ನನಗೆ ಅವರ ಮೇಲೆ ಇಷ್ಟು ಗೌರವ.

ಆ ದಿನ ಮಧ್ಯಾಹ್ನ ರಿಲೇ ಇತ್ತು. ಪೆಂಡಾಲಿನ ಹಿಂದೆ ನಾಲ್ಕು ಹುಡುಗಿಯರು ಕೋಲು ಬದಲಿಸುವುದನ್ನು ಮತ್ತೆ ಮತ್ತೆ ರೂಢಿ ಮಾಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಗೆದ್ದವಳು ಕೊನೆಯವಳಾಗಿ ನಿಂತು, ಹಿಂದೆ ನೋಡದೆ ಅಂಗೈ ಚಾಚಿದಳು. "ಹಿಡಿ" ಎಂದಳು ಓಡಿಬಂದವಳು. ಕೋಲು ಕೈತಪ್ಪಿ ಬಿತ್ತು. ಗೆದ್ದವಳೇ ಬಗ್ಗಿ ಎತ್ತಿ, ಲಂಗಕ್ಕೆ ಕೆಸರು ಒರೆಸಿ, ಗೆಳತಿಯ ಕೈಗಿತ್ತು ಹೇಳಿದಳು: "ಇನ್ನೊಮ್ಮೆ ಬಾ. ಈ ಸಲ ಇನ್ನೂ ಸ್ವಲ್ಪ ಹತ್ತಿರ ಬಂದು ಕೂಗು."